ಪಾಸು, ಸೊನ್ನೆ, ಅರ್ಧ

ದಸರಾ ರಜೆಗೆ ಇನ್ನು ನಾಲ್ಕೇ ದಿನ
ಅನ್ನುವಾಗ ಎಚ್ಚರವಾಯಿತು ಮನೆಗೆ.
ಎದುರುಮನೆಯವರು ಊಟಿಗೆ ಹೋಗಿ ಬಂದು
ಚಾಕೊಲೇಟು ಹಂಚಿದ್ದರು. ಉಜ್ವಲ್ ತಿನ್ನದೆ
ಫ್ರಿಜ್ಜಿನ ಮೇಲೆ ಇಟ್ಟಿದ್ದ, ಸಾಕ್ಷಿಯ ಹಾಗೆ.

ಇವರಿಗೆ ಗುರುವಾರ ವಾರದ ರಜೆ.
"ಹಳೇಬೀಡಿಗೆ ಹೋಗೋಣ" ಅಂದರು.
ಹನ್ನೊಂದು ವರ್ಷದಿಂದ ದಿನಕ್ಕೆ ಮೂರು ಸಲ
ಬಸ್ಸು ಓಡಿಸಿಕೊಂಡು ಹೋಗುವ ಊರಿಗೆ!
ನಾನು ನಕ್ಕೆ. ಇವರು ಮೆಲ್ಲಗೆ,
"ಸ್ಟ್ಯಾಂಡಿಂದ ಆಚೆ ನೋಡೇ ಇಲ್ಲ ಕಣೆ.
ಹತ್ತು ನಿಮಿಷ ನಿಲ್ಲೋದು. ಅಷ್ಟರಲ್ಲಿ
ಒಂದು ಟೀ, ಒಂದು ಉಚ್ಚೆ, ಮತ್ತೆ ಸ್ಟೇರಿಂಗು."

ನನಗೂ ಮೋನಿಷಳಿಗೂ ಸೊನ್ನೆ ಟಿಕೆಟ್ಟು,
ಇವರಿಗೆ ಪಾಸು.
ಕಾಸು ಕೊಟ್ಟು ಹೋದವನು ಉಜ್ವಲ್ ಒಬ್ಬನೇ, ಅರ್ಧ.
ಆ ಚೀಟಿಯನ್ನು ದಾರಿಯುದ್ದಕ್ಕೂ
ಅಕ್ಕನ ಮೂಗಿನ ಮುಂದೆ ಆಡಿಸಿದ.
"ಏನ್ ಜವರಣ್ಣ, ರಜದಲ್ಲೂ ಇದೇ ರೂಟಾ?"
ಕಂಡಕ್ಟರು ನಗಾಡಿದ.

ಕಿಟಕಿ ಪಕ್ಕ ಕೂರಿಸಿದೆವು ಇವರನ್ನು.
ಮುಸುಕಿನ ಜೋಳದ ಹೊಲ, ಶುಂಠಿ ಪಾತಿ,
ಏರಿಯ ಮೇಲೆ ಸಾಲಾಗಿ ಎಮ್ಮೆ.
ನೋಡಬೇಕಲ್ಲ ಮನುಷ್ಯ?
ನೋಡಿದ್ದು ಡ್ರೈವರನ ಭುಜವನ್ನು.
ತಿರುವು ಬಂದಾಗಲೆಲ್ಲ ಇವರ ಬಲಗಾಲು
ನನ್ನ ಪಾದದ ಮೇಲೆ ಬ್ರೇಕು ಒತ್ತಿತು.
ಹಗರೆಯ ಹಂಪಿಗೆ ನನ್ನ ಕಿರುಬೆರಳು ಅಪ್ಪಚ್ಚಿ.

ದೇವಸ್ಥಾನದ ಮುಂದೆ ಶೂ ಬಿಚ್ಚಿದಾಗ ಕಂಡೆ,
ಕಣಕಾಲಿಂದ ಕೆಳಗೆ ಇವರು ಬೇರೆಯೇ ಬಣ್ಣ.
ಕಲ್ಲು ಕಾದಿತ್ತು. ಕುಣಿಯುತ್ತಾ ನಡೆದರು.
ಯಾರಿಗೋ ಗೈಡು ಹೇಳುತ್ತಿದ್ದುದನ್ನು
ಕೇಳಿಸಿಕೊಳ್ಳದವರ ಹಾಗೆ ಕೇಳಿಸಿಕೊಂಡೆವು.
ಮೋನಿಷ ಆನೆಗಳನ್ನು ಅರವತ್ತೊಂದರವರೆಗೆ ಎಣಿಸಿ
ಸಾಕು ಅಂದಳು.

ಒಂದು ರಥದ ಮುಂದೆ ಇವರು ನಿಂತುಬಿಟ್ಟರು.
ಗುಂಪೆಲ್ಲ ಬಿಲ್ಲು ಹಿಡಿದವನ ಕಡೆ ಬೆರಳು ತೋರಿಸಿ
ಫೋಟೋ ತೆಗೆದು ಮುಂದೆ ಸರಿಯಿತು.
ಇವರು ಬಗ್ಗಿ ನೋಡಿದ್ದು ಮುಂದೆ ಕೂತವನನ್ನು.
ಅಂಗೈಯಷ್ಟೂ ಇಲ್ಲ, ಮೂಗು ಸವೆದಿದೆ,
ಹಗ್ಗ ಹಿಡಿದ ಮುಷ್ಟಿ ಮಾತ್ರ ಗಟ್ಟಿ.
"ಅದು ಕೃಷ್ಣ ಅಪ್ಪಾ" ಅಂದಳು ಮೋನಿಷ,
ಏಳನೇ ಕ್ಲಾಸಿನ ಧೈರ್ಯದಲ್ಲಿ.
"ಇರಲಿಕ್ಕಿಲ್ಲ ಮಗಾ. ಕಿರೀಟ ಎಲ್ಲಿದೆ?
ಇವನು ಎದುರು ಕಡೆಯ ಗಾಡಿಯವನು."
ಆಮೇಲೆ, ಯಾರಿಗೂ ಅಲ್ಲದ ಹಾಗೆ,
"ಕೂತಿರೋದು ನೋಡು.
ಸೊಂಟ ನೋಯ್ತಿದೆ ಇವನಿಗೆ."

ಒಳಗೆ ತಿನ್ನುವ ಹಾಗಿಲ್ಲ ಅಂತ ವಾಚ್‌ಮನ್ ಗದರಿದ,
ಉಜ್ವಲನ ಜೇಬಿನ ಕಡ್ಲೇಬೀಜದ ಡಬ್ಬಿ ಕಂಡು.
ಆಚೆ ಬಂದು ಮರದ ಕೆಳಗೆ ಪುಳಿಯೋಗರೆ ಬಿಚ್ಚಿದೆವು.
ಕೆರೆಯ ಕಡೆಯಿಂದ ಗಾಳಿ. ಇವರು ಎರಡು ಸಲ ಬಡಿಸಿಕೊಂಡು
ಗಡಿಯಾರ ನೋಡಲಿಲ್ಲ.

ಹಾಸನದ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಗೊತ್ತಾಯಿತು,
ಡಬ್ಬಿ ಇದೆ, ಮುಚ್ಚಳ ಇಲ್ಲ.
ನನ್ನವ್ವ ಹೆಸರು ಕೊರೆಸಿ ಕೊಟ್ಟ ಮುಚ್ಚಳ.
ಉಜ್ವಲನ ಕಣ್ಣು ತುಂಬಿತು. ಇವರು,
"ನಾಳೆ ಡ್ಯೂಟಿ ಇದೆಯಲ್ಲ, ತರ್ತೀನಿ ಬಿಡು."

ತಂದರು. ವಾಚ್‌ಮನ್ ಎತ್ತಿಟ್ಟಿದ್ದನಂತೆ,
ಗೇಟಿನ ಪಕ್ಕದ ಗೂಡಿನಲ್ಲೇ.
ಕಂಡಕ್ಟರನ ಹೆಂಡತಿ ನಲ್ಲಿಯ ಹತ್ತಿರ ಹೇಳಿದಳು,
ಮಧ್ಯಾಹ್ನದ ಬಸ್ಸು ಅವತ್ತು ಏಳು ನಿಮಿಷ ಲೇಟು,
ಜನ ಬೈದರಂತೆ, ಡ್ರೈವರು ಶೂ ಕೈಯಲ್ಲಿ ಹಿಡಿದು
ಓಡೋಡಿ ಬಂದರಂತೆ.

ಗೇಟಿನಲ್ಲಿದ್ದ ಮುಚ್ಚಳಕ್ಕೆ
ಶೂ ಯಾಕೆ ಬಿಚ್ಚಿದಿರಿ ಅಂತ ನಾನು ಕೇಳಲಿಲ್ಲ.
ಒಲೆ ಮೇಲೆ ಬಿಸಿನೀರು ಇಟ್ಟೆ,
ಸೊಂಟಕ್ಕೆ.